ಕಡಲಾಚೆಯ ಟಿ.ವಿ., ತೆಂಗಿನ ಸೀಮೆಯ ಮನೆ



ಕಳೆದ ತಿಂಗಳು ಅಮೆರಿಕದ ಟೆಕ್ಸಾಸಿನಿಂದ ನಮ್ಮ ದೊಡ್ಡಮ್ಮನ ಮೊಮ್ಮಗ ದೂರವಾಣಿಯಲ್ಲಿ ಮಾತನಾಡಿದ. ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ಈಗ ಹೆಂಡತಿ ಮಕ್ಕಳೊಡನೆ ಈ ಕಡೆಗೆ ಬಂದು, ತುರುವೇಕೆರೆ ತಾಲ್ಲೂಕಿನ ಅಜ್ಜಿಯ ತೋಟದ ಮನೆಯನ್ನು ದುರಸ್ತಿ ಮಾಡಿಸಿ ಅಲ್ಲೇ ನೆಲಸಬೇಕೆಂದು ನಿಶ್ಚಯಿಸಿದ್ದಾನೆ. "ಚಿಕ್ಕಪ್ಪ, ಸಾಮಾನೆಲ್ಲ ಹಡಗಿಗೆ ಹಾಕ್ತಾ ಇದ್ದೀವಿ. ಅರವತ್ತೈದು ಇಂಚಿನ ಟಿ.ವಿ. ಒಂದಿದೆ. ತರಲೋ, ಬಿಡಲೋ?" ಎಂದು ಕೇಳಿದ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನದ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಗಳು ತಪ್ಪುವುದಿಲ್ಲ. ಮಿಕ್ಸಿ ಕೆಟ್ಟರೂ ನೆಂಟರು ನನ್ನನ್ನೇ ಕೇಳುತ್ತಾರೆ.

ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಯಾರೂ ಕೇಳದೆ ಹೋದದ್ದರಿಂದ ನಮ್ಮ ಮನೆಯಲ್ಲಿ ಒಮ್ಮೆ ಏನು ನಡೆಯಿತೆಂಬುದು ನೆನಪಿಗೆ ಬಂದು, ಮಾತು ಉದ್ದವಾಯಿತು. ಅದನ್ನೇ ತಮ್ಮ ಮುಂದಿಡುತ್ತಿದ್ದೇನೆ.

ಅದು 1987ನೆಯ ಇಸವಿ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದ ವರ್ಷ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಗಿತ್ತು. ಬಣ್ಣದ ಪ್ರಸಾರ ದೇಶಕ್ಕೆ 1982ರ ಆಗಸ್ಟ್ 15ರಂದು ಬಂದಿತ್ತು. ಆದರೂ ನಮ್ಮ ಊರಿನಲ್ಲಿ ಟಿ.ವಿ. ಇದ್ದ ಮನೆ ಇರಲಿಲ್ಲ. ಅಮೆರಿಕದಲ್ಲಿದ್ದ ದೊಡ್ಡಮ್ಮನ ಮಗ, ನನಗೆ ಅಣ್ಣ, ಇನ್ನು ಊರಿನಲ್ಲೇ ಇದ್ದುಬಿಡುತ್ತೇನೆಂದು ಹೊರಟುಬಂದವನು, ಜೊತೆಗೆ ಹತ್ತೊಂಬತ್ತು ಇಂಚಿನ ಒಂದು ಬಣ್ಣದ ಟಿ.ವಿ.ಯನ್ನೂ ತಂದಿದ್ದ. ಸುಂಕದ ಕಟ್ಟೆಯಲ್ಲಿ ಅದಕ್ಕೆ ತೆತ್ತ ಹಣದಲ್ಲಿ ಇಲ್ಲಿಯದೇ ಒಂದು ಸೆಟ್ಟು ಬರುತ್ತಿತ್ತೆಂದು ಆಮೇಲೆ ಅವನೇ ಹೇಳಿಕೊಂಡ. ತಿಪಟೂರು ಸ್ಟೇಷನ್ನಿನಿಂದ ಆ ಪೆಟ್ಟಿಗೆ, ಸುತ್ತಲೂ ತೆಂಗಿನ ನಾರು ಇಟ್ಟುಕೊಂಡು, ಎತ್ತಿನ ಗಾಡಿಯಲ್ಲಿ ತೋಟಕ್ಕೆ ಬಂತು.

ಅದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಷ್ಟು ಅವಿವೇಕಿಗಳು ನಾವಾಗಿರಲಿಲ್ಲ. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ಒತ್ತಡ ಇಮ್ಮಡಿಗೆ ಸಮೀಪವಾದರೆ ಶಾಖ ನಾಲ್ಮಡಿಗೆ ಸಮೀಪವಾಗುತ್ತದೆ. ಫ್ಯೂಸು ಕರಗುವುದಕ್ಕೆ ಒಂದು ಕ್ಷಣ ತಡವಾದರೂ ಒಳಗಿನ ಕೆಪಾಸಿಟರು ಪಟಾಕಿಯಂತೆ ಸಿಡಿಯುತ್ತದೆ. ಅದಕ್ಕಾಗಿ ಒತ್ತಡವನ್ನು ಅರ್ಧಕ್ಕಿಳಿಸುವ ಒಂದು ಟ್ರಾನ್ಸ್‌ಫಾರ್ಮರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆವು. ಆದರೆ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ನಮ್ಮ 230 ವೋಲ್ಟು 170ಕ್ಕೆ ಇಳಿಯುತ್ತಿತ್ತು. ಅರ್ಧ ಮಾಡುವ ಯಂತ್ರ ಅದನ್ನೂ ನಿಷ್ಠೆಯಿಂದ ಅರ್ಧ ಮಾಡಿ 85 ವೋಲ್ಟು ಕೊಡುತ್ತಿತ್ತು; ಚಿತ್ರ ನಾಲ್ಕೂ ಅಂಚಿನಿಂದ ಕುಗ್ಗಿ ಅಂಚೆ ಕಾರ್ಡಿನಷ್ಟಾಗುತ್ತಿತ್ತು. ಕಡೆಗೆ ಟ್ರಾನ್ಸ್‌ಫಾರ್ಮರಿಗೂ ಮೊದಲು ಒಂದು ಸ್ಟೆಬಿಲೈಸರು ಬೇಕಾಯಿತು. ದೊಡ್ಡಮ್ಮ ಇದನ್ನೆಲ್ಲ ನೋಡಿ, "ಒಂದು ಪೆಟ್ಟಿಗೆ ನೋಡೋಕೆ ಇನ್ನೂ ಎರಡು ಪೆಟ್ಟಿಗೆ ಬೇಕೇನಪ್ಪ?" ಎಂದರು.

ಇಷ್ಟಾದ ಮೇಲೆ ಕಂಡದ್ದೇನು? ಮೊದಲು ಚಿತ್ರವು ತೊಟ್ಟಿಲ ಹಗ್ಗ ಬಿಚ್ಚಿದಂತೆ ಮೇಲಕ್ಕೆ ಉರುಳುತ್ತಲೇ ಇತ್ತು. ಹಿಂಬದಿಯ ತಿರುಪೊಂದನ್ನು ತಿರುಗಿಸಿ ಅದನ್ನು ನಿಲ್ಲಿಸಿದರು, ತಿಪಟೂರಿನಿಂದ ಕರೆಸಿದ್ದ ರೇಡಿಯೋ ರಿಪೇರಿಯವರು. ಚಿತ್ರ ನಿಂತಿತು, ಬಣ್ಣವಿಲ್ಲ. ಶಬ್ದವೂ ಇಲ್ಲ. ಜಗುಲಿಯಲ್ಲಿ, ಅಂಗಳದಲ್ಲಿ, ಕೊಬ್ಬರಿ ಅಟ್ಟದ ಏಣಿಯ ಮೇಲೆ ನೂರು ಜನ ಕುಳಿತಿದ್ದಾರೆ. ಬೂದಿಬಣ್ಣದ ರಾಮ, ಬೂದಿಬಣ್ಣದ ಸೀತೆಯೊಡನೆ ಬಾಯಾಡಿಸುತ್ತಿದ್ದಾನೆ, ಮಾತು ಮಾತ್ರ ಕೇಳಿಸದು. ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ.

ಹೀಗೇಕಾಯಿತೆಂಬುದನ್ನು ಆಗ ನನ್ನ ಕೈಲಾದಷ್ಟು ವಿವರಿಸಿದೆ. ಈಗ ಇನ್ನಷ್ಟು ಸ್ಪಷ್ಟವಾಗಿ ಹೇಳಬಲ್ಲೆನೆಂದುಕೊಂಡಿದ್ದೇನೆ.

ಹಳೆಯ ಟಿ.ವಿ.ಯ ಗಾಜಿನ ಕೊಳವೆಯಲ್ಲಿ ಚಿತ್ರ ಒಮ್ಮೆಗೇ ಮೂಡುವುದಲ್ಲ. ಎಲೆಕ್ಟ್ರಾನುಗಳ ಒಂದು ಸಣ್ಣ ಧಾರೆ ಪರದೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಉಳುತ್ತಾ ಹೋಗುತ್ತದೆ. ಅದೂ ಸಾಲು ಬಿಟ್ಟು ಸಾಲು: ಮೊದಲ ಸರದಿಯಲ್ಲಿ ಒಂದು, ಮೂರು, ಐದನೆಯ ಗೆರೆಗಳು, ಮರುಸರದಿಯಲ್ಲಿ ಬಿಟ್ಟುಹೋದ ಎರಡು, ನಾಲ್ಕು, ಆರು. ಎರಡು ಸರದಿಗೆ ಒಂದು ಪೂರ್ಣ ಚಿತ್ರ. ನಮ್ಮ ದೇಶ ಒಪ್ಪಿಕೊಂಡದ್ದು 625 ಗೆರೆ, ಸೆಕೆಂಡಿಗೆ 50 ಸರದಿ. ಅಮೆರಿಕದ್ದು 525 ಗೆರೆ, 60 ಸರದಿ. ಈ ಐವತ್ತು ಅರವತ್ತುಗಳು ಎಲ್ಲಿಂದ ಬಂದವು? ಮನೆಯ ವಿದ್ಯುತ್ತಿನಿಂದಲೇ. ಇಲ್ಲಿಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ, ಅಲ್ಲಿಯದು 60 ಬಾರಿ. ಚಿತ್ರದ ಸರದಿಗೂ ವಿದ್ಯುತ್ತಿನ ಏರಿಳಿತಕ್ಕೂ ತಾಳೆ ತಪ್ಪಿದರೆ ಪರದೆಯ ಮೇಲೆ ನೆರಳುಪಟ್ಟಿಗಳು ಹರಿದಾಡುತ್ತಿದ್ದುದರಿಂದ, ಮೊದಲಿನ ಎಂಜಿನಿಯರುಗಳು ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರು. ಅರವತ್ತಕ್ಕೆ ಒಗ್ಗಿದ ನಮ್ಮ ಸೆಟ್ಟಿಗೆ ಐವತ್ತರ ಸರದಿ ಬಂದದ್ದರಿಂದಲೇ ಚಿತ್ರ ಉರುಳಿದ್ದು. ಒಂದೊಂದು ಗೆರೆಗೆ ಹಿಡಿಯುವ ಕಾಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ತಿರುಪು ತಿರುಗಿಸಿದಾಗ ಅದು ಒಪ್ಪಿಕೊಂಡು ನಿಂತಿತು.

ಬಣ್ಣದ ಕಥೆ ಬೇರೆ. ಅಮೆರಿಕ 1953ರಲ್ಲಿ ಒಪ್ಪಿದ ಬಣ್ಣದ ಪದ್ಧತಿಗೆ ಎನ್.ಟಿ.ಎಸ್.ಸಿ. ಎಂದು ಹೆಸರು. ಅದರಲ್ಲಿ ಬಣ್ಣದ ವಿವರವನ್ನು 3.58 ಮೆಗಾಹರ್ಟ್ಸಿನ ಒಂದು ಉಪಅಲೆಯ ಮೇಲೆ ಹೊರಿಸುತ್ತಾರೆ. ದಾರಿಯಲ್ಲಿ ಆ ಅಲೆ ಎಷ್ಟು ಹಿಂದುಮುಂದಾಯಿತೋ ಅಷ್ಟರಮಟ್ಟಿಗೆ ಬಣ್ಣ ಓರೆಯಾಗುತ್ತದೆ, ಮನುಷ್ಯರ ಮುಖ ಹಸಿರಿಗೋ ನೇರಳೆಗೋ ತಿರುಗುತ್ತದೆ. ಅದಕ್ಕೆಂದೇ ಆ ಸೆಟ್ಟುಗಳಲ್ಲಿ ಬಣ್ಣ ತಿದ್ದುವ ಒಂದು ಗುಂಡಿ ಇರುತ್ತಿತ್ತು. ಪಶ್ಚಿಮ ಜರ್ಮನಿಯ ಟೆಲಿಫುಂಕನ್ ಸಂಸ್ಥೆಯ ವಾಲ್ಟರ್ ಬ್ರುಖ್ ಎಂಬ ಎಂಜಿನಿಯರು 1960ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಒಂದು ಗೆರೆಯಲ್ಲಿ ಬಣ್ಣದ ಒಂದು ಭಾಗವನ್ನು ನೇರವಾಗಿಯೂ ಮುಂದಿನ ಗೆರೆಯಲ್ಲಿ ಅದನ್ನೇ ತಿರುಗುಮುರುಗಾಗಿಯೂ ಕಳಿಸುವುದು. ದಾರಿಯಲ್ಲಾದ ದೋಷ ಒಂದು ಗೆರೆಯನ್ನು ಎಡಕ್ಕೆ ಎಳೆದರೆ ಇನ್ನೊಂದನ್ನು ಬಲಕ್ಕೆ ಎಳೆಯುತ್ತದೆ. ಸೆಟ್ಟಿನೊಳಗೆ ಮೊದಲ ಗೆರೆಯನ್ನು ಸೆಕೆಂಡಿನ ಹತ್ತು ಲಕ್ಷದಲ್ಲಿ 64 ಭಾಗದಷ್ಟು ಹೊತ್ತು ತಡೆದಿಟ್ಟು ಎರಡನೆಯದರೊಡನೆ ಸೇರಿಸಿದರೆ ದೋಷ ದೋಷವನ್ನೇ ತಿಂದು, ಬಣ್ಣ ನೆಟ್ಟಗಾಗುತ್ತದೆ. ಒಂದು ಎತ್ತು ಆಚೆ ಎಳೆದು ಇನ್ನೊಂದು ಈಚೆ ಎಳೆದರೂ ನೇಗಿಲು ನೇರ ಸಾಗುವಂತೆ. ಇದೇ ಪಾಲ್ ಪದ್ಧತಿ. ಭಾರತ ಆರಿಸಿಕೊಂಡದ್ದು ಇದನ್ನು. ಇದರ ಉಪಅಲೆ 4.43 ಮೆಗಾಹರ್ಟ್ಸಿನದು. 3.58ಕ್ಕೆ ಕಿವಿಗೊಟ್ಟು ಕುಳಿತ ಅಮೆರಿಕದ ಸೆಟ್ಟಿಗೆ 4.43ರ ಕರೆ ಕೇಳಿಸುವುದೇ ಇಲ್ಲ. ಕೇಳಿಸದಿದ್ದಾಗ ಅದು ಬಣ್ಣವನ್ನು ಮುಚ್ಚಿಬಿಡುತ್ತದೆ.

ಶಬ್ದದ ಗತಿಯೂ ಹೀಗೆಯೇ. ನಮ್ಮಲ್ಲಿ ಶಬ್ದದ ಅಲೆ ಚಿತ್ರದ ಅಲೆಯಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ ಕೂರುತ್ತದೆ, ಅಮೆರಿಕದಲ್ಲಿ 4.5. ಸೆಟ್ಟು ಹುಡುಕುವ ಜಾಗದಲ್ಲಿ ಶಬ್ದವಿಲ್ಲ, ಶಬ್ದವಿರುವ ಜಾಗವನ್ನು ಸೆಟ್ಟು ಹುಡುಕುವುದಿಲ್ಲ. ಒಂದು ಮೆಗಾಹರ್ಟ್ಸಿನ ಈ ವ್ಯತ್ಯಾಸಕ್ಕೆ ನೂರು ಜನ ಮೂಕಾಭಿನಯ ನೋಡಬೇಕಾಯಿತು.

ಅಂದು ಸಭೆಯನ್ನು ಉಳಿಸಿದವರು ದೊಡ್ಡಮ್ಮ. "ಅವರು ಮಾತಾಡೋದು ಹಿಂದೀಲಿ ಅಂತಲ್ವಾ? ಕೇಳಿಸಿದ್ದರೂ ನಮಗೇನು ತಿಳೀತಿತ್ತು? ಮೇಷ್ಟ್ರೆ, ನೀವೇ ಹೇಳಿ" ಎಂದರು. ಊರಿನ ನಿವೃತ್ತ ಶಾಲಾ ಮೇಷ್ಟರು, ಗಮಕವಾಚನದ ಅಭ್ಯಾಸವಿದ್ದವರು, ಟಿ.ವಿ.ಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಪರದೆಯ ಮೇಲೆ ಬಂದಬಂದವರ ಮಾತನ್ನೆಲ್ಲ ತಾವೇ ಕನ್ನಡದಲ್ಲಿ ಆಡತೊಡಗಿದರು. ಕೈಕೇಯಿಯ ಮಾತಿಗೆ ಬಂದಾಗ ಅಂಗಳದ ಹೆಂಗಸರು ಉತ್ತರ ಕೊಟ್ಟದ್ದೂ ಉಂಟು. ಅನೇಕ ಭಾನುವಾರ ಹೀಗೆ ನಡೆಯಿತು. ರಿಪೇರಿಯವರು ಒಂದು ತಿಂಗಳ ನಂತರ ಬಿಡಿಭಾಗ ತಂದು, ಶಬ್ದದ ಸುರುಳಿಯನ್ನು ತಿದ್ದಿ, ಗೊರಗೊರ ಎನ್ನುವ ಒಂದು ದನಿಯನ್ನು ಹೊರಡಿಸಿದರು. ಜನ ಅದನ್ನು ಮುಚ್ಚಿಸಿ ಮೇಷ್ಟರನ್ನೇ ಮುಂದುವರಿಸಲು ಹೇಳಿದರು.

ನಮ್ಮ ಸೀಮೆಯ ಇನ್ನೊಂದು ತೊಡಕನ್ನು ಹೇಳಲೇಬೇಕು. ಟಿ.ವಿ.ಯ ಅಲೆ ಹೆಚ್ಚುಕಡಿಮೆ ನೋಟದ ಹಾಗೆ, ನೇರ ಹೋಗುವಂಥದು. ಭೂಮಿಯ ಬಾಗಿನ ಆಚೆಗೆ ಇಳಿಯದು. ಪ್ರಸಾರದ ಗೋಪುರ 150 ಮೀಟರು, ನಮ್ಮ ಆಂಟೆನಾ 20 ಮೀಟರು ಎತ್ತರವೆಂದು ಲೆಕ್ಕ ಹಾಕಿದರೆ ಸಮತಟ್ಟಾದ ನೆಲದಲ್ಲಿ ಸುಮಾರು 70 ಕಿಲೋಮೀಟರು ಮುಟ್ಟೀತು. ಅದರಾಚೆ ಸಿಕ್ಕಿದ್ದು ಹವೆಯ ಕೃಪೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಗಂತೂ ಸುತ್ತಲೂ ಅರವತ್ತು ಎಪ್ಪತ್ತು ಅಡಿಯ ತೆಂಗು. ಒಣಗಿದ ಗರಿ ಅಷ್ಟಾಗಿ ತಡೆಯದು. ಮಳೆಯಲ್ಲಿ ತೊಯ್ದ ಹಸಿ ಗರಿ ಅಲೆಯನ್ನು ನುಂಗುತ್ತದೆ. ಗಾಳಿಗೆ ತಲೆಯಾಡಿಸಿದಾಗಲೆಲ್ಲ ಚಿತ್ರವೂ ತಲೆಯಾಡಿಸುತ್ತದೆ. ಕೆಲವರು ಮರದ ಸುಳಿಯ ಹತ್ತಿರಕ್ಕೇ ಆಂಟೆನಾ ಕಟ್ಟಿಸುತ್ತಿದ್ದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ನಿಜ. ಆದರೆ ಮುಂಗಾರಿಗೆ ಮುಂಚಿನ ಸಿಡಿಲು ಮೊದಲು ಹುಡುಕುವುದು ಒಂಟಿಯಾಗಿ ಎತ್ತರಕ್ಕೆ ನಿಂತ ತೆಂಗನ್ನೇ. ಅದರ ತಲೆಯಿಂದ ಒಂದು ತಂತಿಯನ್ನು ನಡುಮನೆಗೆ ಎಳೆದುಕೊಳ್ಳುವುದು ಎಂಥ ಕೆಲಸವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಎಲ್ಲ ಪರದೇಶದ ಸೆಟ್ಟೂ ಹೀಗೆಯೆ ಎಂದು ಭಾವಿಸಬಾರದು. ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಬಂದ ಸೆಟ್ಟುಗಳು ಮೊದಲ ದಿನವೇ ಬಣ್ಣ, ಶಬ್ದ ಎರಡನ್ನೂ ಕೊಟ್ಟವು. ದುಬೈ, ಕುವೈತ್, ಮಸ್ಕತ್ತುಗಳಲ್ಲಿ ಪದ್ಧತಿ ನಮ್ಮದೇ: ಪಾಲ್, 625 ಗೆರೆ, ಶಬ್ದ 5.5ರಲ್ಲಿ, ವಿದ್ಯುತ್ತೂ ನಮ್ಮದಕ್ಕೆ ಸಮೀಪ. ಸೌದಿ ಅರೇಬಿಯ ಮಾತ್ರ ಫ್ರಾನ್ಸಿನ ಸೆಕಾಮ್ ಎಂಬ ಮೂರನೆಯ ಬಣ್ಣದ ಪದ್ಧತಿಯನ್ನು ಹಿಡಿದಿತ್ತು; ಆದರೆ ಅಲ್ಲಿಯ ಅಂಗಡಿಗಳಲ್ಲಿ ಬಹುಪದ್ಧತಿಯ ಸೆಟ್ಟುಗಳು ದೊರೆಯುತ್ತಿದ್ದುದರಿಂದ ಅದೂ ನಿಭಾಯಿಸುತ್ತಿತ್ತು. ಮೋಸ ಹೋದವರು ಇಂಗ್ಲೆಂಡಿನಿಂದ ತಂದವರು. ಅಲ್ಲಿಯೂ ಪಾಲ್, ಅಲ್ಲಿಯೂ 625 ಗೆರೆ, ವಿದ್ಯುತ್ತೂ ನಮ್ಮಂತೆಯೇ. ಇನ್ನೇನು ಬೇಕೆಂದು ತಂದರೆ, ಶಬ್ದ ಅಲ್ಲಿ 6 ಮೆಗಾಹರ್ಟ್ಸ್ ದೂರದಲ್ಲಿ. ಅಲ್ಲದೆ ಅಲ್ಲಿಯ ಬಣ್ಣದ ಪ್ರಸಾರವೆಲ್ಲ ಯು.ಎಚ್.ಎಫ್. ಪಟ್ಟಿಯಲ್ಲಿ ನಡೆಯುತ್ತಿದ್ದುದರಿಂದ, ಆಗ ನಮ್ಮ ದೂರದರ್ಶನ ಬಳಸುತ್ತಿದ್ದ ವಿ.ಎಚ್.ಎಫ್. ಪಟ್ಟಿಯ ಟ್ಯೂನರೇ ಬಹಳ ಸೆಟ್ಟುಗಳಲ್ಲಿ ಇರುತ್ತಿರಲಿಲ್ಲ. ಹತ್ತಿರದ ನೆಂಟರೊಡನೆಯೇ ಜಗಳ ಹೆಚ್ಚು.

ರೇಡಿಯೋವಿಗೆ ಈ ಪೀಡೆ ಇಲ್ಲವೆಂದು ಹೆಮ್ಮೆಯಿಂದ ಹೇಳಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸುತ್ತೇನೆ. ಮುಳ್ಳು ತಿರುಗಿಸುವ ಹಳೆಯ ರೇಡಿಯೋ ಸಿಂಗಪುರದ್ದಾಗಲಿ ಹಾಲೆಂಡಿನದ್ದಾಗಲಿ ಇಲ್ಲಿ ಹಾಡುತ್ತಿತ್ತು. ಅಂಕಿ ತೋರಿಸುವ ಹೊಸ ಬಗೆಯವು ಬಂದಮೇಲೆ ಅದೂ ಹೋಯಿತು. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳು ಒಂಬತ್ತೊಂಬತ್ತು ಕಿಲೋಹರ್ಟ್ಸಿನ ಅಂತರದಲ್ಲಿವೆ, ಅಮೆರಿಕದಲ್ಲಿ ಹತ್ತುಹತ್ತರ ಅಂತರ. ಬೆಂಗಳೂರು ಆಕಾಶವಾಣಿಯನ್ನು ನಾವು ಕೇಳುತ್ತಾ ಬಂದದ್ದು 612ರಲ್ಲಿ. ಅಣ್ಣ ತಂದಿದ್ದ ರೇಡಿಯೋ 610ಕ್ಕೆ ಬಂದು, ಅಲ್ಲಿಂದ 620ಕ್ಕೆ ಹಾರುತ್ತಿತ್ತು. ವಾರ್ತೆ ಓದುವವರು ನೆಗಡಿಯಾದವರಂತೆ ಕೇಳಿಸುತ್ತಿದ್ದರು.

ಅಣ್ಣನಿಗೆ ಊರು ಒಗ್ಗಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಮರಳಿ ಹೋದ. ಆ ವೇಳೆಗೆ ಊರಿನಲ್ಲಿ ಇಲ್ಲಿಯದೇ ಸೆಟ್ಟುಗಳು ಬಂದಿದ್ದವು. ಅಮೆರಿಕದ ಟಿ.ವಿ. ಕಸೂತಿಯ ಬಟ್ಟೆ ಹೊದ್ದು ನಡುಮನೆಯ ಮೂಲೆಯಲ್ಲಿ ಕುಳಿತಿತು. ಅದರ ಮೇಲೆ ಅಣ್ಣನ ಮದುವೆಯ ಫೋಟೋ. 1990ರಲ್ಲಿ ಅವನಿಗೆ ಮಗ ಹುಟ್ಟಿದ. ನಾಮಕರಣದ ವೀಡಿಯೋ ಕ್ಯಾಸೆಟ್ಟು ಅಂಚೆಯಲ್ಲಿ ಬಂತು. ದೊಡ್ಡಮ್ಮನಿಗೆ ಆಗಲೇ ಮಂಡಿನೋವು, ಪ್ರಯಾಣ ಮಾಡುವಂತಿರಲಿಲ್ಲ. ಮೊಮ್ಮಗನನ್ನು ನೋಡಲು ಅವರಿಗಿದ್ದ ದಾರಿ ಆ ಕ್ಯಾಸೆಟ್ಟೊಂದೇ.

ತಿಪಟೂರಿನಿಂದ ಬಾಡಿಗೆಗೆ ವಿ.ಸಿ.ಆರ್. ತಂದು ಹಾಕಿದೆವು. ಪರದೆಯ ತುಂಬ ಹರಿದ ಗೆರೆಗಳು. ಕ್ಯಾಸೆಟ್ಟು ನೋಡಲು ಒಂದೇ ಆಕಾರ, ಒಂದೇ ಹೆಸರಿನದು. ಆದರೆ ಅದರ ಮೇಲೆ ಬರೆದದ್ದು ಎನ್.ಟಿ.ಎಸ್.ಸಿ. ಅಲ್ಲಿಯ ಯಂತ್ರದಲ್ಲಿ ಟೇಪು ಸೆಕೆಂಡಿಗೆ ಸುಮಾರು 33 ಮಿಲಿಮೀಟರು ಓಡುತ್ತದೆ, ಇಲ್ಲಿಯದರಲ್ಲಿ ಸುಮಾರು 23. ಆದ್ದರಿಂದ ದನಿಯೂ ದಪ್ಪವಾಗಿ, ನಿಧಾನವಾಗಿ, ಮಗುವಿನ ಅಳು ಎಮ್ಮೆಕರುವಿನ ಕೂಗಿನಂತಿತ್ತು. ದೊಡ್ಡಮ್ಮ ಹೆದರಿ, "ಮಗೂಗೇನಾಗಿದೆಯೋ?" ಎಂದು ಕೇಳಿದರು. ನಾನು ಪದ್ಧತಿಗಳ ವ್ಯತ್ಯಾಸವನ್ನು ಹೇಳತೊಡಗಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಕಣ್ಣೊರೆಸಿಕೊಂಡು ಒಳಕ್ಕೆ ಹೋದರು. ಭೌತವಿಜ್ಞಾನದ ಬಗ್ಗೆ ನನಗೆ ಬೇಸರವಾದ ದಿನಗಳು ಬಹಳವಿಲ್ಲ, ಅದೊಂದು.

ಉಪಾಯ ಹೊಳೆದದ್ದು ಎರಡು ತಿಂಗಳ ಮೇಲೆ, ಅದೂ ರಿಪೇರಿಯವರಿಗೆ. "ಸ್ವಾಮಿ, ಮನೇಲೇ ಅಮೆರಿಕದ ಟಿ.ವಿ. ಇದೆಯಲ್ಲ. ಅಲ್ಲಿಯ ವಿ.ಸಿ.ಆರ್. ಒಂದು ತರಿಸಿಬಿಡಿ" ಎಂದರು. ಆಕಾಶದಿಂದ ಬರುವ ಅಲೆಗೆ ಆ ಸೆಟ್ಟು ಕುರುಡು ಕಿವುಡು. ಆದರೆ ಅದರದೇ ಭಾಷೆಯ ಯಂತ್ರವನ್ನು ತಂತಿಯಿಂದ ಜೋಡಿಸಿದರೆ ಅದಕ್ಕೆ ಯಾವ ಊನವೂ ಇಲ್ಲ. ಬೇಸಗೆಯಲ್ಲಿ ಊರಿಗೆ ಬಂದ ಪರಿಚಿತರೊಬ್ಬರ ಕೈಯಲ್ಲಿ ಅಣ್ಣ ವಿ.ಸಿ.ಆರ್. ಕಳಿಸಿದ. ಅದೇ ಸ್ಟೆಬಿಲೈಸರು, ಅದೇ ಟ್ರಾನ್ಸ್‌ಫಾರ್ಮರು. ಮೂರು ವರ್ಷ ಮುಸುಕು ಹೊದ್ದಿದ್ದ ಪರದೆಯಲ್ಲಿ, ನಾವು ಅದರಲ್ಲಿ ಎಂದೂ ಕಾಣದ ಬಣ್ಣ ತುಂಬಿ ಬಂತು. ಮಗು ಹಳದಿ ಅಂಗಿ ತೊಟ್ಟಿತ್ತು. ದೊಡ್ಡಮ್ಮ ಎದ್ದುಹೋಗಿ ಪರದೆಯ ಗಾಜನ್ನು ಮುಟ್ಟಿದರು. ಆ ವಿ.ಸಿ.ಆರ್.ನ ಗಡಿಯಾರ ಮಾತ್ರ ಗಂಟೆಗೆ ಹತ್ತು ನಿಮಿಷ ಹಿಂದುಳಿಯುತ್ತಿತ್ತು, ಅರವತ್ತರ ಏರಿಳಿತವನ್ನು ಎಣಿಸಬೇಕಾದಲ್ಲಿ ಐವತ್ತನ್ನೇ ಎಣಿಸುತ್ತಿದ್ದುದರಿಂದ. ದೊಡ್ಡಮ್ಮ ತೀರಿಕೊಳ್ಳುವವರೆಗೆ ಹನ್ನೊಂದು ಕ್ಯಾಸೆಟ್ಟುಗಳು ಬಂದವು. ಹನ್ನೊಂದನ್ನೂ ಅದರಲ್ಲೇ ನೋಡಿದರು.

ಆ ಮಗುವೇ ಈಗ ಟೆಕ್ಸಾಸಿನಿಂದ ಕೇಳುತ್ತಿರುವವನು. ಅವನಿಗೆ ಹೇಳಿದ್ದನ್ನು ಸಂಗ್ರಹವಾಗಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಟಿ.ವಿ.ಯ ಬೆನ್ನಿನ ಚೀಟಿ ಓದಬೇಕು. 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪ್ಲಗ್ಗಿನ ಮೂತಿ ಬದಲಿಸಿದರೆ ಸಾಕು. 110 ಅಥವಾ 120 ಮಾತ್ರ ಇದ್ದರೆ ಹಳೆಯ ಕಥೆಯೇ. ಅಷ್ಟು ದೊಡ್ಡ ಸೆಟ್ಟಿಗೆ 500 ವೋಲ್ಟ್-ಆಂಪಿಯರಿನದಾದರೂ ಟ್ರಾನ್ಸ್‌ಫಾರ್ಮರು ಬೇಕು. ಆಕಾಶದ ಅಲೆಯ ತೊಡಕು ಈಗ ಬಹುಮಟ್ಟಿಗೆ ತೀರಿದೆ. ಅಮೆರಿಕದ ದೊಡ್ಡ ಪ್ರಸಾರ ಕೇಂದ್ರಗಳು 2009ರ ಜೂನಿನಲ್ಲಿ ಹಳೆಯ ಪದ್ಧತಿಯನ್ನು ಕೈಬಿಟ್ಟು ಎ.ಟಿ.ಎಸ್.ಸಿ. ಎಂಬ ಡಿಜಿಟಲ್ ಪದ್ಧತಿಗೆ ಹೋದವು. ನಮ್ಮ ದೂರದರ್ಶನದ ಹಳೆಯ ಮರುಪ್ರಸಾರ ಗೋಪುರಗಳು 2020ರ ಆಚೀಚೆ ಬಹುಪಾಲು ಮೌನವಾದವು. ಅಲ್ಲಿಯ ಟ್ಯೂನರಿಗೆ ಇಲ್ಲಿ ಕೆಲಸವಿಲ್ಲ. ಆದರೆ ಕೆಲಸ ಕೊಡುವ ಅಗತ್ಯವೂ ಇಲ್ಲ. ತೋಟದ ಮನೆಗಳಲ್ಲಿ ಈಗ ಡಿಶ್ ಇದೆ; ಅದು ಮೇಲಕ್ಕೆ ನೋಡುವುದರಿಂದ, ಎದುರಿಗೆ ಗರಿ ಅಡ್ಡಬಾರದಂತೆ ಜಾಗ ಆರಿಸಿದರೆ ಸಾಕು. ಚಿತ್ರ ಬರುವುದು ಸೆಟ್‌ಟಾಪ್ ಬಾಕ್ಸಿನಿಂದ ಎಚ್.ಡಿ.ಎಂ.ಐ. ತಂತಿಯ ಮೂಲಕ. ಒಂದು ಎಚ್ಚರಿಕೆ: ನಮ್ಮ ಬಾಕ್ಸುಗಳು ಇಂದಿಗೂ ಐವತ್ತರ ಸರದಿಯಲ್ಲೇ ಚಿತ್ರ ಕಳಿಸುತ್ತವೆ, ಅಮೆರಿಕಕ್ಕೆಂದೇ ಮಾಡಿದ ಕೆಲವು ಸೆಟ್ಟುಗಳು ಐವತ್ತನ್ನು ಒಪ್ಪದೆ ಕಪ್ಪು ಪರದೆ ತೋರುತ್ತವೆ. ಗಾಜಿನ ಕೊಳವೆ ಹೋಗಿ ಎಷ್ಟೋ ವರ್ಷವಾದರೂ ಆ ಐವತ್ತು ಅರವತ್ತರ ಜಗಳ ಮಾತ್ರ ಬದುಕಿದೆ. ಕೈಪಿಡಿಯಲ್ಲಿ ಐವತ್ತಿನ ಉಲ್ಲೇಖವಿದೆಯೇ ನೋಡಿಕೊಳ್ಳಬೇಕು.

ಇನ್ನು ಸುಂಕ. ಪ್ರಯಾಣಿಕರ ಸಾಮಾನಿನೊಡನೆ ಬರುವ ಚಪ್ಪಟೆ ಪರದೆಯ ಟಿ.ವಿ.ಗೆ ಇದ್ದ ವಿನಾಯಿತಿಯನ್ನು ಸರಕಾರ 2013ರ ಆಗಸ್ಟ್ 26ರಿಂದ ತೆಗೆದು, ಶೇಕಡ 35ರ ಸುಂಕವನ್ನೂ ಮೇಲ್ತೆರಿಗೆಯನ್ನೂ ಹಾಕಿತು. ವಾಸ ಬದಲಿಸಿ ಬರುವವರಿಗೆ ನಿಯಮ ಬೇರೆ, ಅದು ಆಗಾಗ ತಿದ್ದುಪಡಿಯಾಗುವುದೂ ಉಂಟು. ಹೊರಡುವ ವಾರದಲ್ಲಿ ಸುಂಕದ ಇಲಾಖೆಯಿಂದಲೇ ತಿಳಿದುಕೊಳ್ಳಬೇಕು. ಅಲ್ಲಿ ಕೊಂಡದ್ದರ ಖಾತರಿ ಸಾಮಾನ್ಯವಾಗಿ ಅಲ್ಲಿಗೇ ಸೀಮಿತ. ಪರದೆ ಒಡೆದರೆ ಆ ಮಾದರಿಯ ಪರದೆ ಬೆಂಗಳೂರಿನಲ್ಲೂ ಸಿಗುವುದು ಕಷ್ಟ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಅಲ್ಲಿಯೇ ಯಾರಿಗಾದರೂ ಕೊಟ್ಟು ಇಲ್ಲಿ ಹೊಸದನ್ನು ಕೊಳ್ಳುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಅವನು ಎಲ್ಲವನ್ನೂ ಬರೆದುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪ, ಅಜ್ಜಿಯ ಟಿ.ವಿ. ಈಗ ಎಲ್ಲಿದೆ?" ಎಂದು ಕೇಳಿದ. ಕೊಬ್ಬರಿ ಅಟ್ಟದ ಮೇಲಿದೆ, ವಿ.ಸಿ.ಆರ್., ಕ್ಯಾಸೆಟ್ಟುಗಳು ಎಲ್ಲವೂ ಒಂದೇ ಗೋಣಿಯಲ್ಲಿವೆ ಎಂದೆ. "ಯಾರಿಗೂ ಕೊಡಬೇಡಿ. ನಾನೇ ಬಂದು ಇಳಿಸ್ತೀನಿ" ಎಂದ. ಇಳಿಸು, ಆದರೆ ಟೇಪಿಗೆ ಬೂಷ್ಟು ಹಿಡಿದಿದೆಯೇ ನೋಡದೆ ಯಂತ್ರಕ್ಕೆ ಹಾಕಬೇಡ, ಟ್ರಾನ್ಸ್‌ಫಾರ್ಮರಿಲ್ಲದೆ ಪ್ಲಗ್ಗಿಗೆ ಸಿಕ್ಕಿಸಬೇಡ ಎಂದು ಹೇಳಿದೆ.